ಹಸಿರು ಗೆರೆ ಆರಿದ ಮೇಲೆ

ಸೊಸೆಯನ್ನು ಹೊಗಳುತ್ತ ಕೂರುವ ಅತ್ತೆ ನಾನಲ್ಲ. ಆದರೆ ಆ ಸಂಜೆ ಶಾಲೆಯ ತಾರಸಿಯ ಮೇಲೆ ಕಣ್ಣಾರೆ ಕಂಡದ್ದನ್ನು ಹೇಳದಿದ್ದರೆ ನನಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ಅವಳು ವಿಜ್ಞಾನದ ಟೀಚರು. ವಾರಕ್ಕೊಮ್ಮೆ ಕತ್ತಲಾಗುತ್ತಿದ್ದಂತೆ ಮಕ್ಕಳನ್ನು ತಾರಸಿಗೆ ಕರೆದೊಯ್ದು ನಕ್ಷತ್ರ ತೋರಿಸುತ್ತಾಳೆ. ಕೈಯಲ್ಲೊಂದು ಲೇಸರ್ ಪೆನ್ನು. ಗುಂಡಿ ಒತ್ತಿದರೆ ಹಸಿರು ಗೆರೆ ನೇರ ಆಕಾಶಕ್ಕೆ. ಮಕ್ಕಳಿಗೆ ಅದೆಂದರೆ ಪ್ರಾಣ. ಹೋದ ವಾರ ಒಬ್ಬ ತುಂಟ ಪೆನ್ನನ್ನು ಕಿತ್ತುಕೊಂಡು ತಿರುಗಿಸಿದ. ಬೆಳಕು ಪಕ್ಕದ ಹುಡುಗಿಯ ಕೆನ್ನೆ ಸವರಿಕೊಂಡು ಹೋಯಿತು. ಕಣ್ಣಿಗೆ ಬಿದ್ದಿದ್ದರೆ ಏನು ಗತಿ? ಸುದ್ದಿ ಹೆಡ್ ಮೇಡಂ ಕಿವಿಗೂ ಬಿತ್ತು. "ಈ ಸಲ ನಾನೇ ಬಂದು ನೋಡ್ತೀನಿ. ಸರಿ ಕಾಣ್ಲಿಲ್ಲ ಅಂದ್ರೆ ತಾರಸಿ ಬಾಗಿಲಿಗೆ ಬೀಗ" ಎಂದರಂತೆ.

ಸೊಸೆ ಮುಖ ಸಪ್ಪಗೆ ಮಾಡಿಕೊಂಡು ಓಡಾಡಿದಳು. ಆಮೇಲೆ ನನ್ನ ಹೊಲಿಗೆ ಕೋಣೆಗೆ ಬಂದು ನಿಂತಳು.

"ಅತ್ತೆ, ಬಟ್ಟೆ ಸುತ್ತಿ ಬರುತ್ತಲ್ಲ, ಆ ರಟ್ಟಿನ ಕೊಳವೆ ಇದ್ರೆ ಕೊಡಿ. ಸ್ವಲ್ಪ ಎಲಾಸ್ಟಿಕ್ಕೂ ಬೇಕು. ಟಾರ್ಚಿಗೆ ಕಟ್ಟೋಕೆ ಕೆಂಪು ಲೈನಿಂಗ್ ಚೂರು."

"ಮೆಷಿನ್ನೂ ಎತ್ಕೊಂಡು ಹೋಗು" ಎಂದೆ. ಕೇಳಿದ್ದೆಲ್ಲ ಕೊಟ್ಟೆ. ಏನು ಮಾಡುತ್ತಾಳೋ ನೋಡೋಣವೆಂದು ಜೊತೆಯಲ್ಲೇ ಹೊರಟೆ.

"ಮಿಸ್, ಲೇಸರ್ ಎಲ್ಲಿ?" ತಾರಸಿ ಹತ್ತಿದ ಕೂಡಲೇ ಮಕ್ಕಳ ಮೊದಲ ಪ್ರಶ್ನೆಯೇ ಅದು.

"ಬ್ಯಾಟರಿ ತೆಗೆದು ಮನೇಲಿಟ್ಟಿದೀನಿ. ಇಲ್ಲಿ ತಲೆ ಮೇಲೇ ವಿಮಾನ ಇಳೀತಾವೆ. ಪೈಲಟ್ ಕಣ್ಣು ಕೋರೈಸಿದ್ರೆ ಒಳಗೆ ಕೂತವರ ಪಾಡೇನು? ನಿಮ್ಮ ಕಣ್ಣೂ ಅಷ್ಟೇ, ಹೋದ್ರೆ ಮತ್ತೆ ಬರಲ್ಲ."

ಮಕ್ಕಳ ಮುಖ ಜೋತುಬಿತ್ತು. ಹೆಡ್ ಮೇಡಂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು.

"ಹೋದ ವಾರದ ಕೆಂಪು ನಕ್ಷತ್ರ ಯಾರ್ಯಾರಿಗೆ ಕಂಡಿತ್ತು?" ಎಂದು ಸೊಸೆ ಕೇಳಿದಳು. ಎಲ್ಲರೂ ಕೈ ಎತ್ತಿದರು. "ಸರಿ, ಈಗ ನೀವೇ ತೋರಿಸಿ."

ಒಂದೊಂದು ಬೆರಳು ಒಂದೊಂದು ದಿಕ್ಕಿಗೆ ಹೋಯಿತು. ಒಬ್ಬನಂತೂ ಮೊಬೈಲ್ ಟವರಿನ ಕೆಂಪು ದೀಪ ತೋರಿಸಿದ. ನನಗೆ ನಗು ತಡೆಯಲಾಗಲಿಲ್ಲ. ಮೇಡಂ ನಗಲಿಲ್ಲ.

ಮೋಡ ಅಡ್ಡ ಬಂದಿದೆ ಅಂತಲೋ ಏನೋ ಹೇಳಿ ಜಾರಿಕೊಳ್ಳಬಹುದಿತ್ತು. ಸೊಸೆ ಮೇಡಂ ಕಡೆ ತಿರುಗಿದಳು.

"ತಪ್ಪು ನಂದು ಮೇಡಂ. ಇವರು ಇಷ್ಟು ದಿನ ನೋಡಿದ್ದು ನನ್ನ ಹಸಿರು ಗೆರೇನ. ನಕ್ಷತ್ರ ನೋಡೇ ಇಲ್ಲ."

ಬೀಗ ಹಾಕಲು ಬಂದವರ ಮುಂದೆ ಆಡುವ ಮಾತೇ ಇದು? ಎಂದುಕೊಂಡೆ. ಅದರ ಬೆನ್ನಿಗೇ, ಎಂಥ ಗಟ್ಟಿಗಿತ್ತಿ ನಮ್ಮ ಮನೆಗೆ ಬಂದಿದ್ದಾಳೆ ಅನ್ನಿಸಿತು.

ಕೊಳವೆಗಳನ್ನು ಖಾಲಿ ಕುರ್ಚಿಗಳ ಬೆನ್ನಿಗೆ ಎಲಾಸ್ಟಿಕ್ಕಿನಿಂದ ಬಿಗಿದು ನಕ್ಷತ್ರಕ್ಕೆ ಗುರಿಯಿಟ್ಟಳು. ಒಬ್ಬೊಬ್ಬರೂ ಮಂಡಿಯೂರಿ ಅದರೊಳಗಿಂದ ನೋಡಬೇಕು, ಆಮೇಲೆ ಕೊಳವೆ ಬಿಟ್ಟು ಬರಿಗಣ್ಣಲ್ಲಿ ಹುಡುಕಬೇಕು. ನಕ್ಷತ್ರ ಸರಿದಂತೆ ಕೊಳವೆಯನ್ನೂ ಸರಿಸುತ್ತಿದ್ದಳು. ಕತ್ತಲೆಗೆ ಒಗ್ಗಿದ ಕಣ್ಣು ಕೆಡದಿರಲೆಂದು ಟಾರ್ಚಿಗೆ ನನ್ನ ಕೆಂಪು ಲೈನಿಂಗ್ ಬಟ್ಟೆ. ಕೈ ನೀಡಿ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಆಕಾಶ ಅಳೆಯುವುದನ್ನೂ ಹೇಳಿಕೊಟ್ಟಳು.

"ಒಬ್ಬೊಬ್ಬರಿಗೂ ಇಷ್ಟು ಹೊತ್ತಾ?" ಎಂದರು ಮೇಡಂ.

"ಹೌದು ಮೇಡಂ, ಒಬ್ಬೊಬ್ಬರಿಗೂ."

ಮೇಡಂ ಒಬ್ಬಳನ್ನು ಕರೆದರು. ಕೆನ್ನೆಗೆ ಬೆಳಕು ತಾಗಿಸಿಕೊಂಡಿದ್ದ ಹುಡುಗಿಯೇ ಅವಳು. "ಕೊಳವೆ ಬೇಡ. ಹಾಗೇ ನಂಗೆ ತೋರಿಸು."

"ನೀರಿನ ಟ್ಯಾಂಕಿನ ಅಂಚಿಂದ ಮೂರು ಮುಷ್ಟಿ ಮೇಲೆ" ಎಂದು ಹುಡುಗಿ ಅಳೆಯತೊಡಗಿದಳು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ನಿನ್ನ ಮುಷ್ಟಿ ನಿಂಬೆಹಣ್ಣಿನಷ್ಟಿದೆ. ಮೇಡಂದು ದೊಡ್ಡದಲ್ವೇನೆ?"

"ನನ್ನ ಕೈಯೂ ಗಿಡ್ಡ ಅಲ್ವಾ ಅಜ್ಜಿ? ಮುಷ್ಟಿ ಚಿಕ್ಕದಾದ್ರೂ ಕಣ್ಣಿಗೆ ಹತ್ತಿರ, ಸರಿಹೋಗುತ್ತೆ."

ಅವಳು ಕುರ್ಚಿಯ ಹಿಂದೆ ನಿಂತು, ಮೇಡಂ ಭುಜದ ಮೇಲಿಂದ ಕೆನ್ನೆ ಪಕ್ಕ ಕೈ ಚಾಚಿದಳು. "ಅಲ್ಲಾಡಬೇಡಿ ಮೇಡಂ. ಬೆರಳು ನೋಡ್ಬೇಡಿ, ಅದರಾಚೆ ನೋಡಿ."

ಸೊಸೆ ಟಾರ್ಚನ್ನು ಎದೆಗೆ ಅವುಚಿಕೊಂಡಿದ್ದಳು.

"ಕಂಡಿತು" ಎಂದರು ಮೇಡಂ, ಮೆಲ್ಲಗೆ. ಸ್ವಲ್ಪ ಹೊತ್ತು ಅಲ್ಲಿಂದ ಕಣ್ಣು ಕೀಳಲಿಲ್ಲ. "ಅದರ ಪಕ್ಕದ್ದು ಯಾವುದು?"

ಹುಡುಗಿ ಮಿಸ್ ಮುಖ ನೋಡಿದಳು. ಸೊಸೆ ಮುಂದೆ ಬಂದಳು. "ಅದು ಮುಂದಿನ ವಾರದ ಪಾಠ ಮೇಡಂ. ಇದ್ರೆ."

"ಇರುತ್ತೆ. ನಂಗೂ ಒಂದು ಕೊಳವೆ ಕಟ್ಟಿಡಿ" ಎಂದು ಮೇಡಂ ಎದ್ದರು.

ಮೆಟ್ಟಿಲಿಳಿಯುವಾಗ ಸೊಸೆಯ ಕೈ ಹಿಡಿದುಕೊಂಡೆ.

"ಮೊಣಕಾಲು ನೋವಾ ಅತ್ತೆ?"

"ಇಲ್ಲ ಕಣೆ. ಹೆಮ್ಮೆ ಆಗಿದೆ."

ಮನೆ ತಲುಪುವವರೆಗೂ ಅವಳ ಕೈ ಬಿಡಲಿಲ್ಲ.