ಟ್ಯಾನರಿ ಗುಡ್ಡದ ಏರು

ಪ್ರೆಸ್ಕಾಟ್ ಲೋರಿಂಗ್‌ಗೆ ಮಣ್ಣು ಮೂಸುವ ಅಭ್ಯಾಸವಿತ್ತು. ನ್ಯೂಯಾರ್ಕ್ ನಗರದಲ್ಲಿ ಅರ್ಧ ಆಯುಷ್ಯ ಸೋಪು, ಶಾಂಪೂಗಳಿಗೆ ಜಾಹೀರಾತು ಬರೆದು, ಕೊನೆಗೆ ಸೆನೆಕಾ ಸರೋವರದ ಪಡುವಣ ದಂಡೆಗೆ ಬಂದು ವೈನರಿ ಕೊಂಡವನು ಅವನು. ಅತಿಥಿಗಳು ಬಂದರೆ ಸಾಕು, ದ್ರಾಕ್ಷಿ ಸಾಲಿನ ನಡುವೆ ಮಂಡಿಯೂರಿ, ಒಂದು ಹಿಡಿ ಮಣ್ಣೆತ್ತಿ, ಕಣ್ಣು ಮುಚ್ಚಿ ಮೂಗಿನ ಹತ್ತಿರ ಹಿಡಿಯುತ್ತಿದ್ದ. ಆ ಸಾಲಿಗೆ ಹಿಂದಿನ ದಿನವಷ್ಟೇ ಕೋಳಿಗೊಬ್ಬರ ಬಿದ್ದಿದೆಯೆಂಬುದು ರೋವೀನಾಗೆ ಗೊತ್ತಿರುತ್ತಿತ್ತು. ಅವಳು ಬಾಯಿ ಬಿಡುತ್ತಿರಲಿಲ್ಲ. ಅವನು ಇನ್ನೂ ಒಂದು ಸಲ ಆಳವಾಗಿ ಉಸಿರೆಳೆದುಕೊಳ್ಳಲಿ ಎಂದು ಕಾಯುತ್ತಿದ್ದಳು.

ರೋವೀನಾ ಅವನ ಹೆಂಡತಿ ಲೆಟಿಯ ಅಕ್ಕ. ಪಕ್ಕದ ತೋಟ ಅವಳದು. ಜ್ಯೂಸ್ ಕಾರ್ಖಾನೆಗೆ ಹೋಗುವ ಕಪ್ಪು ದ್ರಾಕ್ಷಿ ಬೆಳೆಯುತ್ತಿದ್ದಳು. ವಯಸ್ಸು ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಅದರ ಬಗ್ಗೆ ಯಾರೂ ಕೇಳುವ ಧೈರ್ಯವನ್ನೂ ಮಾಡಿರಲಿಲ್ಲ. ಜಲ್ಲಿ ರಸ್ತೆಯಲ್ಲಿ ಸೈಕಲ್ ತುಳಿಯುವುದಕ್ಕೆ ಒಂದು ಹೆಸರು, ಅದಕ್ಕೆಂದೇ ಬಟ್ಟೆ, ಅದಕ್ಕೆಂದೇ ಪತ್ರಿಕೆ ಎಲ್ಲ ಹುಟ್ಟುವುದಕ್ಕೆ ಮೊದಲೇ ಅವಳು ಆ ಗುಡ್ಡಗಳನ್ನು ಹತ್ತಿ ಇಳಿದವಳು. ಆಗೆಲ್ಲ ಜಲ್ಲಿಯ ಮೇಲೆ ತುಳಿಯುತ್ತಿದ್ದದ್ದು ಡಾಂಬರು ಇರಲಿಲ್ಲವೆಂದು. ಈಗ ಪ್ರೆಸ್ಕಾಟ್ ಅದೇ ರಸ್ತೆಗಳ ಮೇಲೆ ಒಂದು ಕಾರಿನ ಬೆಲೆಯ ಸೈಕಲ್ ತಂದು, "ಜಲ್ಲಿ ನಮಗೆ ವಿನಯ ಕಲಿಸುತ್ತೆ" ಎಂದು ಉಪದೇಶ ಕೊಡುತ್ತಿದ್ದ.

ಅಷ್ಟಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ನಡೆದದ್ದು ಹೋದ ವರ್ಷದ ಸುಗ್ಗಿಯ ಓಟದಲ್ಲಿ. ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಊರವರೆಲ್ಲ ಸೇರಿ ಗುಡ್ಡಗಳ ಮೇಲೆ ನಡೆಸುವ ಸೈಕಲ್ ಸ್ಪರ್ಧೆ ಅದು. ಟ್ಯಾನರಿ ಗುಡ್ಡದ ಏರಿನಲ್ಲಿ, ಅವಳ ನಾಲಗೆ ಹೊರಬಿದ್ದಿದ್ದ ಹೊತ್ತಿನಲ್ಲಿ, ಪ್ರೆಸ್ಕಾಟ್ ಹಿಂದಿನಿಂದ ಬಂದು ಪಕ್ಕಕ್ಕೆ ಸೇರಿಕೊಂಡ. ಬೆವರಿರಲಿಲ್ಲ. ಬಾಯಿ ಮುಚ್ಚಿತ್ತು. ಅವಳ ಕಡೆ ಕರುಣೆಯಿಂದ ನೋಡಿ, "ಉಸಿರಾಡು, ರೋವೀನಾ" ಎಂದ. ಆಮೇಲೆ ಮುಂದೆ ಹೋಗಿಬಿಟ್ಟ.

ಆ ಎರಡು ಶಬ್ದ ಚಳಿಗಾಲ ಪೂರ್ತಿ ಅವಳ ಬೆನ್ನು ಬಿಡಲಿಲ್ಲ. ಹಿಮ ಬಿದ್ದು ರಸ್ತೆಗಳು ಮುಚ್ಚಿದಾಗ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರಿನ ಪಕ್ಕ ಸೈಕಲ್ ನಿಲ್ಲಿಸಿ ನಿಂತಲ್ಲೇ ತುಳಿದಳು. ಹಿಮ ಕರಗಿದ ಮೇಲೆ ಕೆಸರಿನಲ್ಲಿ ತುಳಿದಳು. ಬೇಸಿಗೆ ಮುಗಿಯುವಷ್ಟರಲ್ಲಿ ಕಾಲುಗಳು ದ್ರಾಕ್ಷಿ ಚಪ್ಪರದ ಕಂಬಗಳಂತಾಗಿದ್ದವು.

ಓಟಕ್ಕೆ ಒಂದು ವಾರ ಇದೆ ಎನ್ನುವಾಗ ಪ್ರೆಸ್ಕಾಟನೇ ಫೋನು ಮಾಡಿದ.

"ಭಾನುವಾರ ಬೆಳಿಗ್ಗೆ ಒಂದು ಸುತ್ತು ಹೋಗಿ ಬರೋಣ್ವಾ? ನಿನ್ನ ಪೆಡಲ್ ತುಳಿಯೋ ರೀತೀಲಿ ಒಂದೆರಡು ತಪ್ಪಿದೆ. ತಿದ್ದಿಕೊಡ್ತೀನಿ."

"ಬರ್ತೀನಿ. ತಿದ್ದು," ಎಂದಳು ರೋವೀನಾ.

ಭಾನುವಾರ ಮಂಜು ಸರೋವರದ ಮೇಲಿಂದ ಇನ್ನೂ ಎದ್ದಿರಲಿಲ್ಲ. ಪ್ರೆಸ್ಕಾಟ್ ಮಣ್ಣಿನ ಬಣ್ಣದ ಉಡುಪು ತೊಟ್ಟು ಬಂದಿದ್ದ. ಮಣ್ಣಿನ ಬಣ್ಣವೆಂದರೆ ಅಂಗಡಿಯಲ್ಲಿ ಸಿಗುವ ಮಣ್ಣಿನ ಬಣ್ಣ. ದಾರಿಯುದ್ದಕ್ಕೂ ಅವನ ಬಾಯಿಗೆ ಬಿಡುವಿರಲಿಲ್ಲ. ಬೇರು ಪದರಗಲ್ಲಿನ ಸಂದಿನಲ್ಲಿ ಇಳಿದು ಹೇಗೆ ನೋವು ಕುಡಿಯುತ್ತದೆ, ಆ ನೋವು ವೈನಿನಲ್ಲಿ ಹೇಗೆ ಹಾಡಾಗುತ್ತದೆ, ಹೀಗೆ.

"ನಿನ್ನ ದ್ರಾಕ್ಷಿಗೆ ನೋವು ಸಾಲದು, ರೋವೀನಾ."

"ಅದು ಮಕ್ಕಳ ಜ್ಯೂಸಿಗೆ ಹೋಗೋದು. ನೋವು ಬೆರೆಸಿದ್ರೆ ಕಾರ್ಖಾನೆಯೋರು ಲಾರಿ ವಾಪಸ್ ಕಳಿಸ್ತಾರೆ."

ಟ್ಯಾನರಿ ಗುಡ್ಡದ ಬುಡಕ್ಕೆ ಬಂದರು. ಅಲ್ಲಿಂದ ರಸ್ತೆ ಓಕ್ ಮರಗಳ ನಡುವೆ ಕಡಿದಾಗಿ ಏರುತ್ತದೆ, ಸಡಿಲ ಜಲ್ಲಿ ಚಕ್ರದಡಿ ಜಾರುತ್ತದೆ. ಪ್ರೆಸ್ಕಾಟ್ ಹೋದ ವರ್ಷದ ಹಾಗೆಯೇ ಸರ್ರನೆ ಮುಂದಾದ. ರೋವೀನಾ ಹಲ್ಲು ಕಚ್ಚಿ ತುಳಿದಳು, ಅಂತರ ಕಡಿಮೆಯಾಯಿತು. ಇನ್ನೂ ತುಳಿದಳು. ಅವನ ಹೆಗಲ ಹತ್ತಿರ ಬಂದಾಗ ಅವನು ತಿರುಗಿ ನೋಡಿದ. ಆ ಮುಖದಲ್ಲಿದ್ದದ್ದು ಕರುಣೆಯಲ್ಲ, ಶುದ್ಧ ಗಾಬರಿ. ಅವನ ಹೆಬ್ಬೆರಳು ಹ್ಯಾಂಡಲ್ಲಿನ ಪಟ್ಟಿಯ ಕೆಳಗೆ ಏನನ್ನೋ ತಡಕಿ ಒತ್ತಿತು. ಸೈಕಲ್ಲು ಚೇಳು ಕಡಿದ ಕುದುರೆಯ ಹಾಗೆ ನೆಗೆಯಿತು. ತಿರುವು ಬಂತು, ಸೈಕಲ್ಲು ತಿರುಗಲಿಲ್ಲ, ಪ್ರೆಸ್ಕಾಟ್ ಲೋರಿಂಗ್ ಮುಳ್ಳುಗಿಡ ತುಂಬಿದ ಚರಂಡಿಗೆ ತಲೆಕೆಳಗಾಗಿ ಬಿದ್ದ.

ರೋವೀನಾ ಇಳಿದು ಓಡಿದಳು. ಎಷ್ಟಾದರೂ ತಂಗಿಯ ಗಂಡ. ಅವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಆದರೆ ಅವಳು ನೋಡುತ್ತ ನಿಂತದ್ದು ಅವನನ್ನಲ್ಲ. ರಸ್ತೆಯಂಚಿನಲ್ಲಿ ಅಡ್ಡ ಬಿದ್ದ ಸೈಕಲ್ಲಿನ ಪೆಡಲುಗಳು ತಮ್ಮಷ್ಟಕ್ಕೆ ತಾವೇ ತಿರುಗುತ್ತಿದ್ದವು. ಒಳಗೆಲ್ಲೋ ಜೀರುಂಡೆಯಂತೆ ಜುಂಯ್ ಎನ್ನುವ ಸದ್ದು.

ಅಷ್ಟರಲ್ಲಿ ಮೇಲಿನಿಂದ ಇಳಿದು ಬರುತ್ತಿದ್ದ ಮುದುಕ ಐವನ್ ನೋಲ್ಟ್ ತನ್ನ ಹಳೇ ಸೈಕಲ್ಲಿನ ಬ್ರೇಕು ಕಿರುಗುಟ್ಟಿಸಿ ನಿಂತ. ಅವನು ಮೆನೊನೈಟ್ ಪಂಥದವನು. ಹುಲ್ಲಿನ ಟೋಪಿ, ಹೆಗಲ ಮೇಲೆ ಕರಿಯ ಪಟ್ಟಿಗಳು. ಅವರು ಕಾರು ಇಟ್ಟುಕೊಳ್ಳುವುದಿಲ್ಲ. ಇಗರ್ಜಿಗೂ ಕುದುರೆಗಾಡಿ ಇಲ್ಲವೇ ಸೈಕಲ್ಲು.

"ಏನಮ್ಮಾ ರೋವೀನಾ, ಸವಾರ ಬಿದ್ದ ಮೇಲೂ ಅದು ತುಳೀತಾನೇ ಇದೆಯಲ್ಲ?"

"ಹೌದು ಐವನ್. ತುಂಬಾ ನಿಯತ್ತಿನ ಸೈಕಲ್ಲು."

ಮುದುಕ ಸ್ವಲ್ಪ ಹೊತ್ತು ಗಂಭೀರವಾಗಿ ನೋಡಿದ. "ನಮ್ಮ ಬಿಷಪ್ಪರು ಇದಕ್ಕೆ ಒಪ್ಪೋಲ್ಲ. ಮೋಟಾರು ಅಂದ್ರೆ ಮೋಟಾರೇ ಅಂತಾರೆ," ಎಂದು ಪ್ರೆಸ್ಕಾಟನಿಗೆ ಸಮಾಧಾನ ಹೇಳುವವನಂತೆ ನುಡಿದು, ಟೋಪಿ ಮುಟ್ಟಿ ಇಳಿದು ಹೋದ.

ಪ್ರೆಸ್ಕಾಟ್ ಚರಂಡಿಯಲ್ಲೇ ಕೂತಿದ್ದ. ತಲೆಯ ಮೇಲೆ ಮುಳ್ಳುಕಾಯಿಗಳು ಅಂಟಿಕೊಂಡಿದ್ದವು.

"ಡಾಕ್ಟರು ಹೇಳಿದ್ರು," ಎಂದ. "ನನ್ನ ಹೃದಯ..."

"ಯಾವ ಡಾಕ್ಟರು?"

"ನಗರದಲ್ಲಿ. ಒಂದು ಆಪರೇಷನ್ ಆಯ್ತು. ಯಾರಿಗೂ ಹೇಳಿಲ್ಲ."

"ಅಂಗಿ ಜಿಪ್ ತೆಗಿ."

"ಏನು?"

"ಗಾಯದ ಗುರುತು ನೋಡ್ತೀನಿ. ತೆಗಿ."

ಅವನ ಕೈ ಜಿಪ್ಪಿನ ತನಕ ಹೋಗಿ ನಿಂತಿತು. "ಮಣಿಕಟ್ಟಿನ ರಕ್ತನಾಳದಿಂದ ಮಾಡಿದ್ರು," ಎಂದ. ಯಾವ ಮಣಿಕಟ್ಟು ಎಂದು ಅವಳು ಕೇಳಿದಳು. ಅವನು ಎರಡನ್ನೂ ನೋಡಿಕೊಂಡ. ಉಸಿರು ಮೇಲೆ ಕೆಳಗೆ ಹೋಗುತ್ತಿತ್ತು.

"ಉಸಿರಾಡು, ಪ್ರೆಸ್ಕಾಟ್," ಎಂದಳು ರೋವೀನಾ.

ಇಷ್ಟು ತಿಂಗಳು ಕಾದ ಮಾತು ಅದು. ಆಡಿದ ಮೇಲೆ ಬಾಯಿಗೆ ರುಚಿಯೇ ಹತ್ತಲಿಲ್ಲ. ಎದುರಿಗೆ ಕೂತವನು ಅಷ್ಟು ಸಣ್ಣವನಾಗಿದ್ದ.

"ಲೆಟಿಗೆ ಹೇಳ್ಬೇಡ," ಎಂದು ಗೋಗರೆದ. "ದಮ್ಮಯ್ಯ ಅಂತೀನಿ. ಅವಳ ಮುಂದೆ ಮುಖ ಎತ್ತೋಕಾಗಲ್ಲ."

"ಆ ಮೋಟಾರು ಆರಿಸಿ ಮನೆ ತನಕ ತುಳ್ಕೊಂಡು ಬಾ. ವಿನಯ ಕಲಿಸುತ್ತಂತಲ್ಲ ಜಲ್ಲಿ, ಕಲ್ತುಕೋ."

ಸೈಕಲ್ ಏರಿ ಅವಳು ನೇರ ಹೋದದ್ದು ಲೆಟಿಯ ಅಡುಗೆಮನೆಗೆ. ಲೆಟಿ ಒಲೆಯ ಮುಂದೆ ನಿಂತು ಉಪ್ಪುನೀರಿನಲ್ಲಿ ಎಳೆ ಆಲೂಗಡ್ಡೆ ಬೇಯಿಸುತ್ತಿದ್ದಳು. ರೋವೀನಾ ಹೆಲ್ಮೆಟ್ ಕೂಡ ತೆಗೆಯದೆ ಎಲ್ಲ ಹೇಳಿದಳು. ತಂಗಿ ಹೌಹಾರುತ್ತಾಳೆ, ಕನಿಷ್ಠ ಸೌಟಾದರೂ ಬೀಳಿಸುತ್ತಾಳೆ ಎಂದುಕೊಂಡಿದ್ದಳು. ಲೆಟಿ ಒಂದು ಆಲೂಗಡ್ಡೆಗೆ ಫೋರ್ಕು ಚುಚ್ಚಿ ನೋಡಿದಳು.

"ಗೊತ್ತು," ಎಂದಳು.

"ಏನು ಗೊತ್ತು?"

"ಬ್ಯಾಟರಿ ವಿಷಯ. ದಿನಾ ರಾತ್ರಿ ಅದನ್ನ ಚಾರ್ಜಿಗೆ ಹಾಕೋದು ಯಾರು ಅಂದ್ಕೊಂಡೆ? ಅವನಿಗೆ ನೆನಪಿರುತ್ತಾ? ಅದು ಯಾವತ್ತೂ ಖಾಲಿ ಆಗೋದೇ ಇಲ್ಲ, ಅಷ್ಟು ಒಳ್ಳೇ ಕಂಪನಿ ಅಂತ ನಂಬಿದಾನೆ ಪಾಪ."

ರೋವೀನಾ ಈಗ ಹೆಲ್ಮೆಟ್ ತೆಗೆದು ಮೇಜಿನ ಮೇಲೆ ಕುಕ್ಕಿದಳು. "ನಿನಗೆ ಅಸಹ್ಯ ಆಗಲ್ವೇನೆ?"

"ಆಗುತ್ತೆ. ಆದ್ರೆ ಸೋತು ಬಂದ ದಿನ ಅವನ ಮುಖ ನೋಡಿದೀಯಾ? ಮೂರು ದಿನ ಸೋಫಾದ ಮೇಲೆ ಬಿದ್ದಿರ್ತಾನೆ. ಗೆದ್ದ ದಿನ ಪಾತ್ರೆ ತೊಳೀತಾನೆ. ನಾನು ಪಾತ್ರೆ ಆರಿಸ್ಕೊಂಡೆ."

"ಥೂ, ಇದೂ ಒಂದು ಸಂಸಾರ! ಕಳ್ಳನಿಗೆ ಕಂದೀಲು ಹಿಡಿಯೋದು!"

ಲೆಟಿ ಒಲೆ ಆರಿಸಿ ತಿರುಗಿದಳು. ದನಿ ಏರಲಿಲ್ಲ.

"ಫೆಬ್ರವರೀಲಿ ನನ್ನ ಪಿತ್ತಕೋಶ ತೆಗೆದ್ರಲ್ಲ, ರೋ. ಎದ್ದು ಕೂರೋಕೂ ಆಗ್ತಿರಲಿಲ್ಲ. ಆ ಕಳ್ಳನೇ ಸೂಪು ಮಾಡಿಕೊಟ್ಟ. ಕೆಟ್ಟದಾಗಿತ್ತು, ಆದ್ರೂ ದಿನಾ ಮಾಡಿಕೊಟ್ಟ. ನೀನು ಎಲ್ಲಿದ್ದೆ? ಪಕ್ಕದ ಕೊಟ್ಟಿಗೇಲಿ ನಿಂತಲ್ಲೇ ಸೈಕಲ್ ತುಳೀತಿದ್ದೆ. ನನ್ನ ಕಿಟಕಿಯಿಂದ ದೀಪ ಕಾಣ್ತಿತ್ತು."

ಫೋನು ಮಾಡಿದ್ದೆನಲ್ಲ ಎನ್ನಬೇಕೆಂದುಕೊಂಡಳು ರೋವೀನಾ. ಫೋನು ಮಾಡಿದ್ದಳು, ನಿಜ. ಓಟಕ್ಕೆ ಪ್ರೆಸ್ಕಾಟ್ ಹೇಗೆ ತಯಾರಿ ಮಾಡುತ್ತಿದ್ದಾನೆ ಎಂದು ಕೇಳಲು. ಇಡೀ ಚಳಿಗಾಲ ಅವಳು ಹಲ್ಲು ಕಚ್ಚಿ ಸೆಣಸಿದ್ದು ಒಂದು ಬ್ಯಾಟರಿಯ ಜೊತೆಗೆ. ಅದನ್ನು ತುಂಬಿಡುತ್ತಿದ್ದವಳು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಓಡಾಡುತ್ತಿದ್ದ ಅವಳ ಸ್ವಂತ ತಂಗಿ. ಯಾರನ್ನು ಮೊದಲು ಬೈಯಬೇಕೋ ತಿಳಿಯದೆ ಅವಳು ಬಿಸಿ ಆಲೂಗಡ್ಡೆಯೊಂದನ್ನು ಬಾಯಿಗೆ ಹಾಕಿಕೊಂಡು ನಾಲಗೆ ಸುಟ್ಟುಕೊಂಡಳು.

ತುಂಬ ಹೊತ್ತಾದ ಮೇಲೆ ಪ್ರೆಸ್ಕಾಟ್ ಸೈಕಲ್ ತಳ್ಳಿಕೊಂಡು ಅಂಗಳಕ್ಕೆ ಬಂದ. ಲೆಟಿ ಹೊರಗೆ ಹೋಗಿ ಅವನ ಕೂದಲಿನಿಂದ ಮುಳ್ಳುಕಾಯಿ ಕಿತ್ತು ಹಾಕುತ್ತ, "ಜಾರಿ ಬಿದ್ಯಾ?" ಎಂದಳು. "ಜಿಂಕೆ ಅಡ್ಡ ಬಂತು," ಎಂದ ಅವನು. ರೋವೀನಾ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಳು. ಆರಿದ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು.

ಓಟದ ದಿನ ಪ್ರೆಸ್ಕಾಟ್ ಬರುವುದಿಲ್ಲವೆಂದೇ ಅವಳು ಎಣಿಸಿದ್ದಳು. ಬಂದ. ಬಾಡಿಗೆಗೆ ತಂದ, ಮಕ್ಕಳದ್ದೆನ್ನುವಂಥ ಹಸಿರು ಸೈಕಲ್ಲಿನಲ್ಲಿ. "ಈ ಸಲ ಶುದ್ಧ ಅನುಭವ ಬೇಕು ಅನ್ನಿಸ್ತು," ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ.

ರೋವೀನಾ ಟ್ಯಾನರಿ ಗುಡ್ಡವನ್ನು ಒಮ್ಮೆಯೂ ಕಾಲೂರದೆ ಹತ್ತಿದಳು. ಅಲ್ಲಿ ಅವಳನ್ನು ಯಾರೂ ಹಿಂದೆ ಹಾಕಲಿಲ್ಲ. ಇಳಿಜಾರಿನಲ್ಲಿ ಮಾತ್ರ ಕಾಲೇಜಿನ ಇಬ್ಬರು ಹುಡುಗರೂ ಒಬ್ಬ ಹೈನುಗಾರ್ತಿಯೂ ಪ್ರಾಣದ ಮೇಲೆ ಆಸೆಯಿಲ್ಲದವರಂತೆ ನುಗ್ಗಿ ಮುಂದೆ ಹೋದರು. ನಾಲ್ಕನೆಯವಳಾಗಿ ಬಂದಳು. ಸಂತೋಷವಾಯಿತು. ಸೋಲಿಸಬೇಕಾದವನು ಇನ್ನೂ ಗುಡ್ಡದ ಬುಡದಲ್ಲೇ ಇದ್ದ ಕಾರಣ ಆ ಸಂತೋಷಕ್ಕೆ ಉಪ್ಪು ಸ್ವಲ್ಪ ಕಡಿಮೆಯಾಗಿತ್ತು.

ಎಲ್ಲರೂ ಬಂದು, ಬಹುಮಾನ ಹಂಚಿ, ಜನ ದ್ರಾಕ್ಷಿ ತುಂಬಿ ಬೇಯಿಸಿದ ಪೈ ತಿನ್ನುತ್ತಿದ್ದಾಗ ಪ್ರೆಸ್ಕಾಟ್ ಬಂದ. ಮುಖ ಬೀಟ್‌ರೂಟ್. ಕೈಯಲ್ಲಿ ಒಂದು ಕಲ್ಲು. ಗುಡ್ಡ ನಡೆದು ಹತ್ತಿದ್ದ. ಆದರೆ ಸುತ್ತ ನಿಂತವರಿಗೆ, "ಇಳಿದು ನೋಡಿದೆ, ಈ ಪದರಗಲ್ಲು ನೋಡಿ, ಸೈಕಲ್ ಮೇಲೆ ಕೂತೋರಿಗೆ ಇದು ಕಾಣೋದೇ ಇಲ್ಲ," ಎಂದು ಶುರು ಮಾಡಿದ.

ಲೆಟಿ ಬೆಳಗಿನಿಂದ ಮೇಜಿನ ಹಿಂದೆ ನಿಂತು ಪೈ ಕತ್ತರಿಸುತ್ತಿದ್ದಳು. ಒಂದು ಕೈ ಸೊಂಟದ ಮೇಲಿತ್ತು. ರೋವೀನಾ ಅವಳ ಕೈಯಿಂದ ಚಾಕು ಕಿತ್ತುಕೊಂಡಳು, ಎಲ್ಲಿಂದಲೋ ಒಂದು ಕುರ್ಚಿ ಎಳೆದು ತಂದು ಅವಳನ್ನು ಕೂರಿಸಿದಳು.

"ಗುರುವಾರ ಊಟ ನಾನು ತರ್ತೀನಿ," ಎಂದಳು. "ಸೂಪಲ್ಲ."

"ಅವನಿಗೂ ತರ್ತೀಯಾ?"

ರೋವೀನಾ ತಿರುಗಿ ನೋಡಿದಳು. ಪ್ರೆಸ್ಕಾಟ್ ಕಣ್ಣು ಮುಚ್ಚಿ ಕಲ್ಲನ್ನು ಮೂಗಿಗೆ ಹಿಡಿದಿದ್ದ.

"ನೋಡೋಣ," ಎಂದು, ಅವನಿಗೆಂದು ತೆಗೆದಿಟ್ಟಿದ್ದ ಪೈ ತುಂಡನ್ನು ಎತ್ತಿಕೊಂಡು ತಾನೇ ತಿಂದಳು.