ಪಕ್ಕದ ಸೀಟಿನ ಡ್ರೈವರ್

ಮಂತ್ರಿಗಳಿಗೆ ರಸ್ತೆ ಅಂದರೆ ಪ್ರಾಣ. ಬೇರೆಯವರು ಅಧಿಕಾರ ಸಿಕ್ಕಮೇಲೆ ಕಾರು ಹತ್ತಿದರೆ, ಇವರು ಕಾರು ಓಡಿಸುವ ಆಸೆಗೇ ಅಧಿಕಾರಕ್ಕೆ ಬಂದರು ಎಂದು ಜನ ಆಡಿಕೊಳ್ಳುತ್ತಿದ್ದರು. ಬೆನ್ನ ಹಿಂದೆ ಅವರ ಹೆಸರು ಡಾಂಬರು ಮಂತ್ರಿ. ಹೊಸ ರಸ್ತೆ ಎಲ್ಲೇ ಆಗಲಿ, ಅದರ ಮೇಲೆ ಮೊದಲು ಉರುಳುವ ಚಕ್ರ ಅವರದೇ ಆಗಬೇಕು, ಸ್ಟೇರಿಂಗೂ ಅವರ ಕೈಯಲ್ಲೇ ಇರಬೇಕು. ಹೀಗಾಗಿ ಅವರ ಡ್ರೈವರ್‌ಗೆ ಪಕ್ಕದ ಸೀಟೇ ಗತಿ.

"ನಿಮ್ದೇನು ಬಿಡಿ, ಕೂತು ಉಣ್ಣೋ ಕೆಲಸ," ಎಂದು ಹೆಂಡತಿ ಚುಚ್ಚುತ್ತಿದ್ದಳು.

"ಒಂದಿನ ಕೂತು ನೋಡು, ಗೊತ್ತಾಗುತ್ತೆ," ಎನ್ನುತ್ತಿದ್ದ ಅವನು, ಮಂಡಿ ನೀವಿಕೊಳ್ಳುತ್ತ. ತನ್ನ ಕಾಲ ಕೆಳಗೆ ಇಲ್ಲದ ಬ್ರೇಕನ್ನು ದಿನವಿಡೀ ಒತ್ತಿ ಒತ್ತಿ ಆ ಮಂಡಿ ಹಿಡಿದುಕೊಂಡಿತ್ತು.

ಈಚೆಗೆ ಕಾಲಿನ ಜೊತೆ ಬಾಯಿಗೂ ಕೆಲಸ ಬಿದ್ದಿತ್ತು. ಸಾಹೇಬರ ಕಣ್ಣು ಮಂಜಾಗಿತ್ತು. ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಹರಟೆಯ ನೆವದಲ್ಲಿ ದಾರಿ ತೋರಿಸುವುದು ಅದು ಹೇಗೋ ರೂಢಿಯಾಗಿಹೋಯಿತು. "ಈ ಹಂಪ್ ಯಾವ ಪುಣ್ಯಾತ್ಮ ಹಾಕಿಸಿದ್ನೋ ಸಾರ್, ಗುಡ್ಡ ಇದ್ದಂಗಿದೆ." ಕಾರು ನಿಧಾನವಾಗುತ್ತಿತ್ತು. "ಆ ಲಾರಿಯವನಿಗೇನು ಅವಸರ, ನಮ್ಮ ಮೇಲೇ ಬರ್ತಾನಲ್ಲ!" ಕಾರು ಪಕ್ಕಕ್ಕೆ ಸರಿಯುತ್ತಿತ್ತು. ಈ ವಯಸ್ಸಲ್ಲೂ ಎಂಥ ಕೈ ಎಂದು ಊರೆಲ್ಲ ಹೊಗಳಿತು. ಮನೆ ಸೇರುವ ಹೊತ್ತಿಗೆ ಇವನ ಗಂಟಲಲ್ಲಿ ಮಕ್ಕಳನ್ನು ಮಾತಾಡಿಸುವಷ್ಟೂ ತ್ರಾಣ ಇರುತ್ತಿರಲಿಲ್ಲ.

ನಾಳೆ ಹೊಸ ಹೆದ್ದಾರಿಯ ಉದ್ಘಾಟನೆ. ಎರಡೂ ಬದಿಗೆ ಶಾಲೆ ಮಕ್ಕಳನ್ನು ನಿಲ್ಲಿಸುತ್ತಾರೆ, ನಡುವೆ ಸಾಹೇಬರು ಓಡಿಸಿಕೊಂಡು ಹೋಗುತ್ತಾರೆ. ಬೆಳಿಗ್ಗೆ ಸಾಹೇಬರ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಟೀ ಲೋಟ ಕೊಡುತ್ತ ದನಿ ತಗ್ಗಿಸಿದ್ದರು.

"ಕೀಲಿ ಬಚ್ಚಿಟ್ಟೆ, ಹುಡುಕಿದ್ರು. ಕಣ್ಣೀರು ಹಾಕ್ದೆ, ಬೈದ್ರು. ನೀನಾದ್ರೂ ತಪ್ಪಿಸಪ್ಪಾ. ಯಾರದೋ ಮಗುವಿಗೆ ಏನಾದ್ರೂ ಆದ್ರೆ..."

"ನಾನು ಬಾಯಿ ಬಿಟ್ರೆ ಕೆಲಸ ಹೋಗುತ್ತೆ ಅಮ್ಮಾ."

"ಬಿಡದೇ ಇದ್ರೆ?"

ಅವನ ಕೈಯಲ್ಲೇ ಟೀ ಆರಿತು.

ಮಧ್ಯಾಹ್ನ ಸಾಹೇಬರಿಗೆ ಆ ಹೆದ್ದಾರಿಯಲ್ಲಿ ಒಂದು ಸಲ ಓಡಿಸಿ ನೋಡುವ ಹುಕಿ ಬಂತು. ರಸ್ತೆ ಕಪ್ಪಗೆ, ಅಗಲವಾಗಿ, ಬಟ್ಟಬಯಲಿನಲ್ಲಿ ಬಿದ್ದುಕೊಂಡಿತ್ತು. ಹಿಂದೆ ಎಲ್ಲೋ ಗುಡುಗುಡು ಎನ್ನುತ್ತಿದ್ದ ರೋಲರ್ ಬಿಟ್ಟರೆ ನರಪಿಳ್ಳೆಯಿಲ್ಲ. ಕೆಡುವುದಿದ್ದರೆ ಇಲ್ಲೇ ಕೆಡಲಿ ಎಂದುಕೊಂಡ ಡ್ರೈವರ್, ಹ್ಯಾಂಡ್‌ಬ್ರೇಕಿನ ಹತ್ತಿರ ಕೈಯಿಟ್ಟು ಬಾಯಿಗೆ ಬೀಗ ಹಾಕಿಕೊಂಡ.

"ಏನಯ್ಯಾ, ಮನೇಲಿ ಜಗಳಾನಾ?" ಎಂದರು ಸಾಹೇಬರು.

"ಇಲ್ಲ ಸಾರ್."

"ಮತ್ತೆ? ಮಾತೇ ಇಲ್ಲ."

"ಸುಸ್ತು ಸಾರ್."

ಸುಳ್ಳೇನಲ್ಲ. ಕಾರಿನ ವೇಗ ಇಳಿಯಿತು. ಇನ್ನೂ ಇಳಿಯಿತು. ಸಾಹೇಬರು ಮುಂದಕ್ಕೆ ಬಾಗಿ ಗಾಜಿಗೆ ಮೂಗು ತಾಗಿಸುವಂತೆ ಕೂತರು. ನೇರ ರಸ್ತೆಯಲ್ಲೂ ಗೋಡೆ ಹಿಡಿದು ನಡೆಯುವವರ ಹಾಗೆ ತಡವರಿಸಿ ತಡವರಿಸಿ ಓಡಿಸಿದರು. ಅಷ್ಟರಲ್ಲಿ ಪಕ್ಕದಲ್ಲಿ ಏನೋ ಭಾರಿಯಾದದ್ದು ಗುಡುಗುತ್ತ ಇವರನ್ನು ದಾಟಿ ಮುಂದೆ ಹೋಯಿತು.

ಸಾಹೇಬರು ಕಾರು ನಿಲ್ಲಿಸಿದರು. "ಏನದು ಹೋಗಿದ್ದು?"

"ರೋಲರ್ ಸಾರ್."

"ರೋಲರ್ ನಮ್ಮನ್ನ ಹಿಂದೆ ಹಾಕ್ತಾ?"

"ಹೌದು ಸಾರ್."

ಸಾಹೇಬರಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. "ನನ್ನ ಕಣ್ಣಿನ ವಿಷ್ಯ ನಿಂಗೊತ್ತಿದೆ ಅಂತ ನಂಗೂ ಗೊತ್ತಿತ್ತು ಕಣಯ್ಯಾ. ನೀನಾಗೇ ನನ್ನನ್ನ ತಡೀತೀಯ ಅಂತ ಕಾದೆ. ನೀನು ಮಾತಾಡ್ತಾ ಹೋದೆ, ನಾನು ಓಡಿಸ್ತಾ ಹೋದೆ."

ಡ್ರೈವರ್ ತಲೆ ತಗ್ಗಿಸಿದ. ತಾನು ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ. ಅವರು ಸ್ಟೇರಿಂಗ್ ಬಿಡದಂತೆ ಮಾಡಿದ್ದೂ ತಾನೇ.

"ನಾಳೆ ಒಂದೇ ಒಂದಿನ ಮಾತಾಡು. ಆಮೇಲೆ ಕೀಲಿ ನಿನ್ನ ಕೈಗೆ. ನನ್ನಾಣೆ."

ಬೇಡುವ ದನಿ. ಇಷ್ಟು ವರ್ಷದಲ್ಲಿ ಅವರು ಇವನನ್ನು ಏನನ್ನೂ ಬೇಡಿದವರಲ್ಲ.

"ಮಕ್ಕಳು ನಿಂತಿರ್ತಾರೆ ಸಾರ್."

"ಅದಕ್ಕೇ ಕಣೋ, ಅವರು ನೋಡ್ಲಿ ಅಂತಾನೇ."

"ಅದಕ್ಕೇ ಆಗಲ್ಲ ಸಾರ್. ಮಗು ಅಡ್ಡ ಬಂದ್ರೆ ಹರಟೆ ಹೊಡ್ಯೋಷ್ಟು ಹೊತ್ತಿರಲ್ಲ."

"ಇಳಿ ಕೆಳಗೆ."

ಅವನು ಇಳಿದ. ಬಿಸಿ ಡಾಂಬರಿನ ವಾಸನೆ ಮುಖಕ್ಕೆ ಹೊಡೆಯಿತು. ಹೋಯಿತು ಕೆಲಸ ಎಂದುಕೊಂಡ. ಅಚ್ಚರಿಯೆಂದರೆ ಭಯಕ್ಕಿಂತ ಮೊದಲು ನಿದ್ದೆ ಬಂದಂತಾಯಿತು. ಎಷ್ಟೋ ಹೊತ್ತಿನ ಮೇಲೆ ಆ ಕಡೆಯ ಬಾಗಿಲೂ ತೆರೆಯಿತು. ಸಾಹೇಬರು ಬಾನೆಟ್ ಸವರಿಕೊಂಡು ಸುತ್ತಿಬಂದು, ಅವನ ಸೀಟಿನಲ್ಲಿ ಉಸ್ಸೆಂದು ಕೂತರು.

"ನೋಡ್ತಾ ನಿಂತ್ಯಲ್ಲ, ಹೋಗಿ ಹತ್ತು."

ಅವನು ಹತ್ತಿದ. ಸೀಟು ಅವರ ಅಳತೆಗೆ ಒಗ್ಗಿತ್ತು, ಕಾಲು ಸರಿಯಾಗಿ ನಿಲುಕಲಿಲ್ಲ.

"ನಾಳೆ ಜನ ಕೇಳಿದ್ರೆ ಏನನ್ನೋದು ಸಾರ್?"

"ಮಂತ್ರಿ ಈ ರಸ್ತೇಲಿ ನಡೀತಾನೆ ಅನ್ನು."

"ಪೂರ್ತಿನಾ? ಆಗುತ್ತಾ ಸಾರ್?"

"ಮಕ್ಕಳಿರೋವರೆಗೆ ಸಾಕು ಬಿಡು. ಆಮೇಲೆ ಎಲ್ಲಾದ್ರೂ ಕೂತ್ಕೊಂಡ್ರಾಯ್ತು."

ಡ್ರೈವರ್ ಕೀಲಿ ತಿರುಗಿಸಿ ಗೇರು ಹಾಕಿದ. ಕಾರು ಒಮ್ಮೆ ಜಗ್ಗಿ ಆಫ್ ಆಯಿತು.

"ಕ್ಲಚ್ಚಯ್ಯಾ, ಕ್ಲಚ್ಚು! ಡ್ರೈವರ್ ಅಂತೆ ಡ್ರೈವರ್!"

"ಗೊತ್ತಿದೆ, ಸುಮ್ನಿರಿ ಸಾರ್," ಎಂದುಬಿಟ್ಟ ಅವನು.

ಸಾಹೇಬರು ಸುಮ್ಮನಾದರು. ಅವನು ಮತ್ತೆ ಕೀಲಿ ತಿರುಗಿಸಿದ.