ಪಡಸಾಲೆಯ ಸ್ಟ್ಯಾಂಡಿನ ಮೇಲೆ ಅವ್ವ

ನಾನು ದುರ್ಗೇಶ, ಬೋರ್ಡು ಬರೆಯುವವನು. ಸವಣೂರಿನ ಅರ್ಧ ಅಂಗಡಿಗಳ ಹೆಸರು ಒಂದು ಕಾಲಕ್ಕೆ ನನ್ನ ಕುಂಚದಿಂದಲೇ ಇಳಿದದ್ದು. ಫ್ಲೆಕ್ಸ್ ಬಂದ ಮೇಲೆ ಬೈಕಿನ ನಂಬರ್ ಪ್ಲೇಟು, ಶಾಲೆಯ ಗೋಡೆಯ ಮೇಲಿನ ಗಾದೆ, ಟ್ರ್ಯಾಕ್ಟರಿನ ಹಿಂದೆ ‘ತಾಯಿಯ ಆಶೀರ್ವಾದ’ ಇಷ್ಟೇ ಉಳಿದವು. ಊರ ತುಂಬ ತಾಯಿಯ ಆಶೀರ್ವಾದ ಬರೆದ ನನಗೆ ನನ್ನ ಸ್ವಂತ ತಾಯಿ ಶಾರವ್ವನ ಬಾಯಿಂದ ‘ಚಲೋ ಬರದಿ’ ಎಂಬ ಒಂದು ಮಾತು ನಲವತ್ತಾರು ವರ್ಷದಲ್ಲಿ ಬಿದ್ದಿರಲಿಲ್ಲ. ಅವ್ವ ಮಾತಿನಲ್ಲಿ ಜಿಪುಣಿಯಲ್ಲ. ಹೊಗಳುವುದರಲ್ಲಿ ಮಾತ್ರ ಆಕೆಯ ಕೈ ಬಿಗಿ.

ಆ ಒಂದು ಮಾತು ಕೇಳಿಯೇ ತೀರಬೇಕೆಂಬ ಹಟಕ್ಕೆ ಬಿದ್ದು ಈ ಬೇಸಿಗೆಯಲ್ಲಿ ಅವ್ವನದೇ ಚಿತ್ರ ಬರೆದೆ. ಯಾರೂ ಹೇಳದೆ, ಯಾರೂ ಕೇಳದೆ ನಾನು ಬರೆದ ಮೊದಲ ಚಿತ್ರ ಅದು. ಎಲೆತೋಟದಲ್ಲಿ ನಲವತ್ತು ವರ್ಷ ವೀಳ್ಯದೆಲೆ ಕೊಯ್ದ ಬೆರಳುಗಳು, ಮೂಗಿನ ಮೇಲಿನ ಹಳೆಯ ಬೇಸರಿ, ಇನ್ನೇನು ಯಾರನ್ನೋ ಬೈಯಲಿಕ್ಕೆ ಬಾಯಿ ತೆರೆಯಬೇಕು ಎನ್ನುವ ಮುಖ. ಮುಗಿದಾಗ ನನಗೇ ಸ್ವಲ್ಪ ಹೆದರಿಕೆಯಾಯಿತು.

ಗೋಡೆಗೆ ಹಾಕೋಣವೆಂದರೆ ನನ್ನ ಹೆಂಡತಿ ಹೇಮಾ ಬಿಡಲಿಲ್ಲ. ಮನೆ ಅಲಂಕಾರದ ವಿಡಿಯೋಗಳನ್ನು ನೋಡಿ ನೋಡಿ ಆಕೆ ಆ ವಿಷಯದಲ್ಲಿ ಪಂಡಿತೆಯಾಗಿದ್ದಳು.

“ಈಗಷ್ಟ ಸುಣ್ಣಾ ಬಣ್ಣಾ ಮಾಡೇವಿ, ಮೊಳಿ ಹೊಡೀಬ್ಯಾಡ್ರಿ. ಈಗ ಯಾರೂ ಗ್ವಾಡಿಗೆ ಹಾಕಂಗಿಲ್ಲ. ಈಸಲ್ ಮ್ಯಾಲ ನಿಲ್ಲಸ್ತಾರ. ಪಡಸಾಲ್ಯಾಗ, ಬಾಗಲಾ ದಾಟಿದ ಕೂಡ್ಲೆ ಕಣ್ಣಿಗೆ ಬೀಳಬೇಕು ನೋಡ್ರಿ.”

ಬಡಿಗ ಗುತ್ತೆಪ್ಪನಿಗೆ ವಿಡಿಯೋ ತೋರಿಸಿದೆ. ಅವನು ಬೀಡಿ ಆರಿಸಿ ಎರಡು ಸಲ ನೋಡಿದ.

“ಇದು ಸಾಲ್ಯಾಗಿನ ಕರೀಹಲಗಿ ಸ್ಟ್ಯಾಂಡ್ ಅಲ್ಲೇನೋ?”

“ಅಲ್ಲೋ ಮಾರಾಯಾ, ಇದಕ್ಕ ಈಸಲ್ ಅಂತಾರ.”

“ಹೆಸರು ಏನರ ಇರ್ಲಿ, ಕಾಲು ಮೂರ ಅದಾವಲ್ಲ,” ಎಂದ. ನಾಲ್ಕು ದಿನದಲ್ಲಿ ಮಾಡಿಕೊಟ್ಟ.

ಭಾನುವಾರ ಬೆಳಿಗ್ಗೆ ಚಿತ್ರವನ್ನು ಅದರ ಮೇಲೆ ಇಟ್ಟೆವು. ಸುತ್ತಮುತ್ತ ಜಾಗ ಖಾಲಿ ಇರಬೇಕೆಂದು ಹೇಮಾ ಕುರ್ಚಿಗಳನ್ನೆಲ್ಲ ಹಿತ್ತಲಿಗೆ ಸಾಗಿಸಿದಳು. ಬರಿ ನೆಲ ಚೆನ್ನಾಗಿ ಕಾಣುವುದಿಲ್ಲವೆಂದು ಜಮಖಾನ ಹಾಸಿದಳು. ಚಿತ್ರದ ಮುಂದೆ ಒಂದು ಸಣ್ಣ ಹಿತ್ತಾಳೆ ದೀಪ ಹಚ್ಚಿಟ್ಟಳು. ವಾರ್ನಿಶ್ ವಾಸನೆ ಹೋಗಲೆಂದು ನಾನು ಬಾಗಿಲಿನ ಎರಡೂ ಕದ ತೆರೆದಿಟ್ಟೆ. ಸ್ನಾನ ಮುಗಿಸಿ ಬಂದ ಅವ್ವ ಸೆರಗಿನಿಂದ ಕಿವಿ ಒರೆಸಿಕೊಳ್ಳುತ್ತ ನಿಂತು ನೋಡಿದಳು.

“ಹೆಂಗೈತವ್ವಾ?” ಎಂದೆ.

“ಜೀವಂತ ಇದ್ದಾಕೀನ್ನ ಯಾರರ ಹಿಂಗ ಇಡ್ತಾರೇನು? ಸಂಜಿಯೊಳಗ ಇದು ಇಲ್ಲಿರಬಾರದು,” ಎಂದವಳೇ ಅಡುಗೆಮನೆಗೆ ಹೋಗಿ ಮುಖ ಊದಿಸಿಕೊಂಡು ಕುಳಿತಳು. ದಿನಾ ಹೊರಗಿನ ಕಟ್ಟೆಯ ಮೇಲೆ ಕೂತು ಓಣಿಯ ಹಾಜರಿ ತೆಗೆದುಕೊಳ್ಳುತ್ತಿದ್ದವಳು ಅಂದು ಅತ್ತ ಹಾಯಲೇ ಇಲ್ಲ. ನನಗೆ ಅಳು ಬರುವಷ್ಟು ಬೇಜಾರಾಯಿತು.

ಅಷ್ಟರಲ್ಲಿ ಓಣಿಯ ಚನ್ನೇಶ ಬೈಕಿನಲ್ಲಿ ಹೋಗುತ್ತ ನಮ್ಮ ಬಾಗಿಲಿನ ಮುಂದೆ ನಿಧಾನ ಮಾಡಿದ. ಒಳಗೆ ನೋಡಿ, ತಲೆಯ ಟೊಪ್ಪಿಗೆ ತೆಗೆದು ಹೊರಟುಹೋದ. ಚಿತ್ರಕ್ಕೆ ಇಷ್ಟು ಮರ್ಯಾದೆಯೇ ಎಂದು ನಾನು ಉಬ್ಬಿದೆ. ಹತ್ತೇ ನಿಮಿಷದಲ್ಲಿ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಬಂತು: ‘ದುರ್ಗೇಶಣ್ಣನ ತಾಯಿ ಶಾರವ್ವ ತೀರಿಕೊಂಡಿರುತ್ತಾರೆ.’ ಕೆಳಗೆ ಸಾಲಾಗಿ ಮುಗಿದ ಕೈಗಳು.

ಆಗ ನನ್ನ ಬುದ್ಧಿಗೆ ಬೆಳಕಾಯಿತು. ಸತ್ತವರ ಮನೆಯಲ್ಲಿ ನಮ್ಮ ಕಡೆ ಏನು ಮಾಡುತ್ತಾರೆ? ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಫೋಟೋ ಇಡುತ್ತಾರೆ, ಮುಂದೆ ದೀಪ ಹಚ್ಚುತ್ತಾರೆ, ಕುರ್ಚಿ ತೆಗೆದು ಜಮಖಾನ ಹಾಸುತ್ತಾರೆ, ಕದ ತೆರೆದಿಡುತ್ತಾರೆ. ಹೇಮಾಳ ವಿಡಿಯೋ ಕಲಿಸಿದ ಅಲಂಕಾರ ಒಂದೂ ತಪ್ಪದೆ ಸಾವಿನ ಮನೆಯದಾಗಿತ್ತು.

ನಾನು ನಗುತ್ತ ಅವ್ವನಿಗೆ ಹೇಳಿ, ‘ಹಾಗೇನಿಲ್ಲ’ ಎಂದು ಉತ್ತರ ಬರೆಯುವಷ್ಟರಲ್ಲಿ ಬಾಗಿಲಿಗೆ ಆಟೋ ಬಂದು ನಿಂತಿತು. ಅದೇ ಗ್ರೂಪಿನಲ್ಲಿದ್ದ ಮಗ ನಿಯಾಜನ ಹೆಗಲು ಹಿಡಿದು ಇಳಿದವಳು ಮರಿಯಮಬಿ.

ಮರಿಯಮಬಿ ಮತ್ತು ಅವ್ವ ಎಲೆತೋಟದಲ್ಲಿ ಒಂದೇ ಸಾಲಿನಲ್ಲಿ ಎಲೆ ಕೊಯ್ದು ಮುದುಕಿಯರಾದವರು. ಎರಡು ವರ್ಷದಿಂದ ಮಾತಿರಲಿಲ್ಲ. ಮೊಮ್ಮಗಳ ಮದುವೆಗೆ ಮರಿಯಮಬಿ ಮನೆಗೆ ಬಂದು ಎಲೆ ಅಡಿಕೆ ಕೊಟ್ಟು ಕರೆಯಲಿಲ್ಲ, ನನ್ನ ಫೋನಿಗೆ ಕಾರ್ಡು ಕಳಿಸಿ ಸುಮ್ಮನಾದಳು. “ಜೀವಮಾನ ಪೂರ್ತಿ ಎಲಿ ಕೊಯ್ದಾಕಿಗೆ ನಂಗ ಎರಡು ಎಲಿ ಕೊಡೂದು ಜಡಾ ಆತೇನು?” ಎಂದು ಅವ್ವ ಮದುವೆಗೆ ಹೋಗಲಿಲ್ಲ. ಅಷ್ಟೇ ಆಗಿದ್ದರೆ ಆಗುತ್ತಿತ್ತು. ಮರಿಯಮಬಿಗೆ ಸೊಕ್ಕು ಬಂದಿದೆ ಎಂದು ಊರೆಲ್ಲ ಹೇಳಿಕೊಂಡು ಬಂದಳು.

ಮರಿಯಮಬಿ ಜಮಖಾನದ ಮೇಲೆ ಕುಸಿದು ಚಿತ್ರದ ಮುಖವನ್ನೇ ನೋಡಿದಳು.

“ಶಾರವ್ವಾ, ಹೋಗೂಮುಂದನೂ ಸಿಟ್ಟು ಬಿಡಲಿಲ್ಲಲ್ಲ ನೀ. ಹೆಂಗ ನೋಡಾಕತ್ತಿ ನೋಡು.”

ನಾನು ಮುಂದೆ ಹೋಗಿ ನಿಜ ಹೇಳಬೇಕೆನ್ನುವಷ್ಟರಲ್ಲಿ ಹಿಂದಿನಿಂದ ಯಾರೋ ಅಂಗಿ ಜಗ್ಗಿದರು. ಅಡುಗೆಮನೆಯ ಬಾಗಿಲ ಮರೆಯಲ್ಲಿ ಅವ್ವ.

“ಸುಮ್ಮನಿರು. ಏನೋ ಹೇಳಾಕತ್ತಾಳ, ಕೇಳೂಣು,” ಎಂದು ಪಿಸುಗುಟ್ಟಿದಳು. ಆಕೆಯ ಮುಖದಲ್ಲಿ ಗೆದ್ದ ಕಳೆ ಇತ್ತು.

“ಎಲಿ ಅಡಕಿ ಹಿಡಕೊಂಡು ನಾನ ಬರಬೇಕಿತ್ತು, ಖರೆ,” ಎಂದು ಮರಿಯಮಬಿ ಚಿತ್ರಕ್ಕೆ ಹೇಳುತ್ತಿದ್ದಳು. “ಮೊಣಕಾಲು ಬಾತಿದ್ವು. ಆಟೋ ಇಳೀಬೇಕಂದ್ರ ಇಬ್ಬರು ಹಿಡೀಬೇಕಿತ್ತು. ತ್ವಾಟದಾಗ ನಿನಗಿಂತ ಮೊದಲ ಬುಟ್ಟಿ ತುಂಬತಿದ್ದಾಕಿ, ನನ್ನ ಕಾಲು ಹ್ವಾದ್ವು ಅಂತ ನಿನ್ನ ಮುಂದ ಹೆಂಗ ತೋರಸಲಿ? ನಾಚಿಕಿ ಆತು. ಅದಕ್ಕ ಫೋನಿನ್ಯಾಗ ಕಳಿಸಿದೆ.”

ಮೂಗು ಒರೆಸಿಕೊಂಡು ಮತ್ತೆ ಹೇಳಿದಳು. “ಸೊಕ್ಕು ಅಂತ ಊರ ತುಂಬ ಹೇಳಿದಿ. ಹೇಳ್ಕೋ. ಆದ್ರ ಆವತ್ತು ಬಂದ ಬರ್ತಾಳ ಅಂತ ನಿನ್ನ ಊಟ ಬ್ಯಾರೇ ತಗದಿಟ್ಟಿದ್ದೆ. ಸಂಜಿತನಕ ಯಾರಿಗೂ ಮುಟ್ಟಗೊಡಲಿಲ್ಲ.”

ನಾನು ಅವ್ವನ ಕಡೆ ತಿರುಗಿದೆ. ಗೆದ್ದ ಕಳೆ ಹೋಗಿತ್ತು. ಸೆರಗಿನ ತುದಿ ಬಾಯಲ್ಲಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು.

“ಏ ಮರಿಯಮಬಿ, ಅತ್ತಿದ್ದು ಸಾಕು. ಚಾ ಕುಡೀತೀಯೇನು?”

ಮರಿಯಮಬಿ ಅವ್ವನನ್ನು ನೋಡಿದಳು, ಚಿತ್ರ ನೋಡಿದಳು, ಮತ್ತೆ ಅವ್ವನನ್ನು ನೋಡಿದಳು.

“ಇದರಾಗ ಖರೇದಾಕಿ ಯಾರು?” ಎಂದು ನಿಯಾಜನನ್ನು ಕೇಳಿದಳು.

“ಬೈಯಾಕತ್ತಾಕಿ ಖರೇದಾಕಿ, ಅಮ್ಮಾ,” ಎಂದ ಅವನು.

ಆಮೇಲೆ ಮರಿಯಮಬಿ ಅವ್ವನ ಬೆನ್ನಿಗೆ ಗುದ್ದಿದ್ದೇ ಗುದ್ದಿದ್ದು. ಅವ್ವ ಒಂದೂ ತಪ್ಪಿಸಿಕೊಳ್ಳದೆ ಹೊಡೆಸಿಕೊಂಡಳು. ಅಷ್ಟರಲ್ಲಿ ಚನ್ನೇಶ ದೊಡ್ಡದೊಂದು ಹಾರ ಹಿಡಿದು ಗಂಭೀರವಾಗಿ ಒಳಗೆ ಬಂದ. ಅವ್ವ ಅದನ್ನು ಇಸಿದುಕೊಂಡು ಅವನ ಕೊರಳಿಗೇ ಹಾಕಿ, “ಕುಂಡ್ರಪಾ, ನೀನೂ ಚಾ ಕುಡಿ,” ಎಂದಳು. ಅಳಲು ಬಂದ ಹತ್ತು ಹದಿನೈದು ಮಂದಿ ಜಮಖಾನದ ಮೇಲೆ ಕೂತು ಚಹಾದ ಜೊತೆ ಸವಣೂರು ಖಾರ ಕುರುಕಿ, ಚಿತ್ರಕ್ಕೂ ಅವ್ವನಿಗೂ ಮೂಗು ಹೊಂದಿಸಿ ನೋಡಿ ಹೋದರು. ಹೇಮಾಳ ಪಡಸಾಲೆ ನೋಡಲು ಅಷ್ಟು ಜನ ಬಂದದ್ದು ಅದೇ ಮೊದಲು, ಆಕೆಗಂತೂ ಭಾರಿ ಖುಷಿ.

ಗೆಳತಿಯರಿಬ್ಬರೂ ಇಳಿಹೊತ್ತಿನ ತನಕ ಮಾತಾಡಿದರು. ಮೊಣಕಾಲಿನ ಎಣ್ಣೆ, ಮೊಮ್ಮಗಳ ಬಸಿರು, ತೋಟದ ಹೊಸ ಮಾಲೀಕನ ಕಂಜೂಸಿತನ, ಎಲ್ಲವೂ ಬಂದವು. ಮಧ್ಯೆ ಎರಡು ಸಲ ಅವ್ವ ‘ಆ ಸೊಕ್ಕಿನ ಮಾತು...’ ಎಂದು ಬಾಯಿ ತೆರೆದು, ಮರಿಯಮಬಿಯ ಮುಖ ನೋಡಿ, “ಇನ್ನೊಂದೀಟು ಖಾರ ತಿನ್ನು,” ಎಂದಳು. ನಿಯಾಜ ತಾಯಿಯನ್ನು ಕರೆದುಕೊಂಡು ಹೋದ.

ಸಂಜೆಯಾಯಿತು. ಅವ್ವನ ಆಜ್ಞೆ ನೆನಪಿತ್ತು. ನಾನು ಚಿತ್ರಕ್ಕೆ ಕೈ ಹಾಕಿದೆ.

“ಯಾಕ ತಗ್ಯಾಕತ್ತಿ?” ಎಂದಳು ಅವ್ವ.

“ಇರಬಾರದು ಅಂದಿದ್ದಿಯಲ್ಲ.”

ಅವ್ವ ಹತ್ತಿರ ಬಂದು ಮೊದಲ ಸಲ ಚಿತ್ರವನ್ನು ಸರಿಯಾಗಿ ನೋಡಿದಳು. ಬೆರಳುಗಳನ್ನು ನೋಡಿದಳು, ಬೇಸರಿ ನೋಡಿದಳು.

“ಎರಡು ವರ್ಷ ನನ್ನ ಮುಂದ ಆಡಲಾರದ್ದು ಇದರ ಮುಂದ ಆಡಿದ್ಲು,” ಎಂದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು. “ಗುತ್ತೆಪ್ಪಗ ಇನ್ನೊಂದು ಸ್ಟ್ಯಾಂಡ್ ಮಾಡಾಕ ಹೇಳು. ಮರಿಯಮಬಿದೂ ಒಂದು ಬರಿ. ನಾನೂ ಅಕಿಗೆ ಒಂದು ಮಾತು ಹೇಳೂದೈತಿ, ಎದುರಿಗೆ ಬಾಯಿ ಬರವಲ್ದು.”